ಏರಿನಲ್ಲಿ ನಿಲ್ಲಿಸಿ, ಏರಿನಲ್ಲೇ ಹೊರಡಿ

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 15ನೆಯದು ಚಾಲನಾ ಪರೀಕ್ಷೆಗೆ ಸಂಬಂಧಿಸಿದ್ದು. ಡಿಎಲ್ (ಡ್ರೈವಿಂಗ್ ಲೈಸೆನ್ಸ್) ಕೇಳಿಕೊಂಡು ಬಂದವರು ಇನ್‌ಸ್ಪೆಕ್ಟರ ಮುಂದೆ ಏನೇನು ಮಾಡಿ ತೋರಿಸಬೇಕು ಎಂಬ ಉದ್ದನೆಯ ಪಟ್ಟಿ ಅದರಲ್ಲಿದೆ. ಕನ್ನಡಿ ಹೊಂದಿಸಿಕೊಳ್ಳುವುದು, ಸಿಗ್ನಲ್ ಕೊಡುವುದು, ರಿವರ್ಸ್ ತೆಗೆಯುವುದು ಎಲ್ಲರಿಗೂ ಗೊತ್ತಿರುವಂಥವು. ಅವುಗಳ ಮಧ್ಯೆ ಇರುವ ಎರಡು ಅಂಶಗಳನ್ನು ಮಾತ್ರ ಸಕಲೇಶಪುರ, ಆಲೂರು ಕಡೆಯವರು ನಿಂತು ಓದಬೇಕು. ಒಂದು, ಇಳಿಜಾರಿನಲ್ಲಿ ಇಳಿಯುವಾಗ ಬೇಗನೆ ಕೆಳಗಿನ ಗೇರಿಗೆ ಬರುವುದು. ಇನ್ನೊಂದು, ಕಡಿದಾದ ಏರಿನಲ್ಲಿ ಗಾಡಿ ನಿಲ್ಲಿಸಿ, ಸ್ವಲ್ಪವೂ ಹಿಂದಕ್ಕೆ ಜಾರದಂತೆ ಮತ್ತೆ ಹೊರಡುವುದು.

ಬಯಲುಸೀಮೆಯಲ್ಲಿ ಇವೆರಡನ್ನೂ ಕಲಿಯದೆ ಜೀವಮಾನ ಕಳೆಯಬಹುದು. ನಮ್ಮಲ್ಲಿ ಹಾಗಲ್ಲ. ಸಕಲೇಶಪುರದ ಊರೊಳಗೆ ಹೇಮಾವತಿ ಸೇತುವೆ ಬಿಟ್ಟು ಯಾವ ಕಡೆ ಹೊರಟರೂ ಸ್ವಲ್ಪ ದೂರದಲ್ಲೇ ಏರು ಶುರುವಾಗುತ್ತದೆ. ಹಾನುಬಾಳು, ದೇವಾಲದಕೆರೆ, ಹೆತ್ತೂರು, ಯಸಳೂರು ಯಾವುದೇ ರಸ್ತೆ ಹಿಡಿಯಿರಿ, ಕಾಲು ಕ್ಲಚ್ಚಿನ ಮೇಲೆಯೇ ಇರುತ್ತದೆ. ಆಲೂರು ತಾಲ್ಲೂಕಿನ ಪಾಳ್ಯದ ಸುತ್ತಮುತ್ತ ನೆಲ ಅಷ್ಟೇನೂ ಏರಿಳಿತವಿಲ್ಲ, ಆದರೆ ಕೆಂಚಮ್ಮನ ಹೊಸಕೋಟೆ ಕಡೆ ತಿರುಗಿದರೆ ಅದೂ ಮಲೆನಾಡೇ. ಇವೆಲ್ಲ ಡಾಂಬರು ಕಂಡ ರಸ್ತೆಗಳ ಮಾತು. ತೋಟದೊಳಗಿನ ದಾರಿ ಬೇರೆಯದೇ. ಒಂದು ಜೀಪು ಹೋಗುವಷ್ಟೇ ಅಗಲ, ಒಂದು ಬದಿಗೆ ಚರಂಡಿ, ಇನ್ನೊಂದು ಬದಿಗೆ ಕಾಫಿ ಗಿಡಗಳ ನೆತ್ತಿ ಕಾಣುವಷ್ಟು ಆಳ, ಮಳೆಗಾಲದಲ್ಲಿ ಪಾಚಿ ಹಿಡಿದ ಕಲ್ಲು.

ಹೀಗಿದ್ದೂ ಡಿಎಲ್ ಪರೀಕ್ಷೆ ಎಂದರೆ ಜನರ ಮನಸ್ಸಿಗೆ ಬರುವುದು ಸಮತಟ್ಟಾದ ಮೈದಾನ. ಬೈಕಿನವರು ಎಂಟು ಹಾಕುತ್ತಾರೆ, ಕಾರಿನವರು ಒಂದು ಸುತ್ತು ಮುಂದೆ ಹೋಗಿ, ಸ್ವಲ್ಪ ರಿವರ್ಸ್ ಬಂದು ಇಳಿಯುತ್ತಾರೆ. ಡ್ರೈವಿಂಗ್ ಸ್ಕೂಲುಗಳು ಕಲಿಸುವುದೂ ಆ ಪರೀಕ್ಷೆಗೆ ಎಷ್ಟು ಬೇಕೋ ಅಷ್ಟನ್ನು. ಕಾರ್ಡು ಅಂಚೆಯಲ್ಲಿ ಮನೆಗೆ ಬರುತ್ತದೆ. ಆಮೇಲೆ ಒಂದು ದಿನ ಹೊಸ ಡ್ರೈವರು ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೊರಡುತ್ತಾರೆ, ಏರಿನ ಅರ್ಧದಲ್ಲಿ ಎದುರಿಗೆ ಪಿಕಪ್ ಬರುತ್ತದೆ, ಗಾಡಿ ಆಫ್ ಆಗುತ್ತದೆ. ಬಯಲಿನಲ್ಲಿ ಗಾಡಿ ಆಫ್ ಆದರೆ ಹಿಂದಿನವನು ಹಾರನ್ ಹೊಡೆಯುತ್ತಾನೆ, ಅಲ್ಲಿಗೆ ಮುಗಿಯಿತು. ಏರಿನಲ್ಲಿ ಆಫ್ ಆದರೆ ಗಾಡಿ ಹಿಂದಕ್ಕೆ ಉರುಳುತ್ತದೆ. ಹಿಂದೆ ಬೈಕಿನಲ್ಲಿ ಮಗುವನ್ನು ಮುಂದೆ ಕೂರಿಸಿಕೊಂಡವನೊಬ್ಬ ಇರಬಹುದು.

ಏರಿನಲ್ಲಿ ಹೊರಡುವುದನ್ನು ಕಲಿಸಲು ಬಹಳ ಹೊತ್ತೇನೂ ಬೇಡ, ಕಲಿಸುವ ಮನಸ್ಸು ಬೇಕು. ಸಕಲೇಶಪುರದಲ್ಲಿ ಹಿರಿಯ ತರಬೇತುದಾರರೊಬ್ಬರು ಇದನ್ನು ಕಲಿಸುವುದನ್ನು ಹತ್ತಿರದಿಂದ ನೋಡಿದ್ದೇನೆ. ಮೊದಲು ಲಾರಿ ಓಡಿಸುತ್ತಿದ್ದವರು, ಘಾಟಿಯಲ್ಲಿ ಹಗಲು ರಾತ್ರಿ ಇಳಿದು ಹತ್ತಿದವರು. ಕಲಿಯುತ್ತಿದ್ದವರು ನಲವತ್ತರ ಆಸುಪಾಸಿನ ಹೆಣ್ಣುಮಗಳು, ತೋಟದ ಲೆಕ್ಕಪತ್ರವನ್ನೆಲ್ಲ ತಾವೇ ನೋಡಿಕೊಳ್ಳುವವರು. ಮೇಷ್ಟ್ರು ಗಾಡಿಯನ್ನು ಏರಿನ ನಡುವೆ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆಸಿದರು. ಎರಡೂ ಕಾಲು ತೆಗೆಸಿದರು. ಗಾಡಿ ನಿಂತೇ ಇತ್ತು. “ನೋಡಿ ಅಕ್ಕ, ಅದು ಎಲ್ಲಿಗೂ ಹೋಗಲ್ಲ. ಈಗ ನಿಮಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತಿದೆ” ಅಂದರು. ಆಕೆಯ ಹೆಗಲು ಇಳಿದದ್ದು ಹಿಂದಿನ ಸೀಟಿನಲ್ಲಿದ್ದ ನನಗೂ ಕಂಡಿತು.

ಆಮೇಲೆ ಫಸ್ಟ್ ಗೇರ್. ಎಕ್ಸಿಲೇಟರನ್ನು ಸ್ವಲ್ಪವೇ ಒತ್ತಿ ಹಿಡಿದು, ಕ್ಲಚ್ ಮೇಲಿನ ಕಾಲನ್ನು ನಿಧಾನವಾಗಿ ಎತ್ತಬೇಕು. ಒಂದು ಹಂತದಲ್ಲಿ ಎಂಜಿನ್ ಸದ್ದು ಭಾರವಾಗುತ್ತದೆ, ಬಾನೆಟ್ ಒಂಚೂರು ಮೇಲೆದ್ದಂತೆ ಕಾಣುತ್ತದೆ. “ಅಲ್ಲೇ ನಿಲ್ಸಿ ಕಾಲನ್ನ. ಮೇಲಕ್ಕೂ ಬೇಡ, ಕೆಳಕ್ಕೂ ಬೇಡ. ಕೇಳಿಸ್ತಾ ಸದ್ದು?” ಎಂಜಿನ್ ಚಕ್ರವನ್ನು ಹಿಡಿದುಕೊಂಡಿದೆ ಎಂಬುದಕ್ಕೆ ಆ ಸದ್ದೇ ಗುರುತು. ಹಾಫ್ ಕ್ಲಚ್ ಅನ್ನುವುದು ಇದಕ್ಕೇ. ಆಗ ಹ್ಯಾಂಡ್ ಬ್ರೇಕ್ ಇಳಿಸಬೇಕು, ಎಕ್ಸಿಲೇಟರ್ ಇನ್ನಷ್ಟು ಕೊಡಬೇಕು, ಕ್ಲಚ್ ಪೂರ್ತಿ ಬಿಡಬೇಕು. ಮೊದಲ ಸಲ ಆಕೆ ಕ್ಲಚ್ ಬೇಗ ಬಿಟ್ಟು ಗಾಡಿ ಕುಕ್ಕಿ ನಿಂತಿತು. ಮೇಷ್ಟ್ರು ಹ್ಯಾಂಡ್ ಬ್ರೇಕ್ ಎಳೆದು “ಮತ್ತೆ” ಅಂದರು, ಅಷ್ಟೆ. ಎರಡನೆಯ ಸಲವೂ ಅದೇ ಆಯಿತು. ಸದ್ದು ಕಿವಿಗೆ ಸಿಕ್ಕ ಮೇಲೆ ಗಾಡಿ ಹಿಂದಕ್ಕೆ ಒಂದು ಅಂಗುಲವೂ ಜಾರದೆ ಹೊರಟಿತು. ಅದನ್ನೇ ಇನ್ನಷ್ಟು ಸಲ ಮಾಡಿಸಿದರು. ಆ ಬೆಳಿಗ್ಗೆ ಬೇರೇನೂ ಕಲಿಸಲಿಲ್ಲ.

ಇಡೀ ಪಾಠದಲ್ಲಿ ಮೇಷ್ಟ್ರ ಕಾಲು ತಮ್ಮ ಕಡೆಯ ಪೆಡಲಿಗೆ ಹೋಗಲಿಲ್ಲ. ನನ್ನ ಕಣ್ಣಿಗೆ ದೊಡ್ಡದಾಗಿ ಕಂಡದ್ದು ಇದೇ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ತರಬೇತುದಾರರ ಕಡೆಗೂ ಬ್ರೇಕು, ಕ್ಲಚ್ ಇರಬೇಕೆಂಬುದು ಕಾನೂನು. ಕಲಿಯುವವರ ಜೀವ ಉಳಿಸಲು ಇರುವ ವ್ಯವಸ್ಥೆ ಅದು. ಆದರೆ ಗಾಡಿ ಆಫ್ ಆಗದಿರಲಿ, ಹೊತ್ತು ಹೋಗದಿರಲಿ ಅಂತ ಪ್ರತಿ ತಿರುವಿನಲ್ಲೂ ತಾವೇ ಕ್ಲಚ್ ಒತ್ತುತ್ತಾ ಕೂರುವವರಿದ್ದಾರೆ. ಕಲಿಯುವವರಿಗೆ ತಾವೇ ಓಡಿಸಿದಂತೆ ಅನ್ನಿಸುತ್ತದೆ, ತರಗತಿ ಮುಗಿಯುವವರೆಗೂ ನಿಜ ಗೊತ್ತಾಗುವುದಿಲ್ಲ. ನಿಮ್ಮ ಕಾಲು ಕ್ಲಚ್ಚಿನಿಂದ ಸರಿಯಾಗಿ ಏಳದಿದ್ದರೂ ಗಾಡಿ ನುಣ್ಣಗೆ ಹೊರಟಿತು ಎಂದಾದರೆ ಪಕ್ಕದವರ ಕಾಲಿನ ಕಡೆ ಒಮ್ಮೆ ನೋಡಿ. “ಸಾರ್, ಇವತ್ತು ಕ್ಲಚ್ ನೀವು ಮುಟ್ಟಬೇಡಿ, ಆಫ್ ಆದರೆ ಆಗಲಿ” ಎಂದು ಹೇಳಲು ಸಂಕೋಚ ಬೇಡ. ಒಳ್ಳೆಯ ಮೇಷ್ಟ್ರಿಗೆ ಆ ಮಾತಿನಿಂದ ಸಂತೋಷವೇ ಆಗುತ್ತದೆ.

ದುಡ್ಡು ಮತ್ತು ಗಂಟೆಯ ವಿಷಯವನ್ನೂ ಬಿಚ್ಚಿ ಮಾತಾಡಬೇಕು. 1989ರ ಅದೇ ಕೇಂದ್ರ ನಿಯಮಗಳ ಪ್ರಕಾರ ಖಾಸಗಿ ಕಾರು ಕಲಿಯಲು ಸ್ಕೂಲಿಗೆ ಸೇರಿದವರಿಗೆ ಕನಿಷ್ಠ 21 ದಿನದ ತರಬೇತಿ ಸಿಗಬೇಕು, ಸ್ಟೇರಿಂಗ್ ಹಿಡಿದು ಓಡಿಸುವ ಹೊತ್ತು 10 ಗಂಟೆಗೆ ಕಡಿಮೆ ಇರಬಾರದು. ಪ್ರತಿಯೊಬ್ಬರು ಯಾವ ದಿನ ಎಷ್ಟು ಹೊತ್ತು ಓಡಿಸಿದರು ಎಂದು ಬರೆದಿಡಲು ಫಾರಂ 15 ಎಂಬ ರಿಜಿಸ್ಟರೇ ಇದೆ. ಈಗ ಲೆಕ್ಕ ಹಾಕಿ. ಒಂದೇ ಕಾರಿನಲ್ಲಿ ಮೂವರನ್ನು ಕೂರಿಸಿಕೊಂಡು ಹೋಗಿ, ಒಬ್ಬೊಬ್ಬರಿಗೆ ಕಾಲು ಗಂಟೆ ಕೊಟ್ಟರೆ 21 ದಿನಕ್ಕೆ ಐದೂಕಾಲು ಗಂಟೆ ಆಯಿತು. ಉಳಿದದ್ದು ಹಿಂದಿನ ಸೀಟಿನಲ್ಲಿ ಕೂತು ಬೇರೆಯವರ ತಪ್ಪು ನೋಡಿದ ಹೊತ್ತು. ನೋಡಿಯೂ ಕಲಿಯಬಹುದು, ನಿಜ. ಆದರೆ ಹಾಫ್ ಕ್ಲಚ್ಚಿನ ಅಂದಾಜು ಕಾಲಿಗೆ ಬರಬೇಕಾದದ್ದು, ಕಣ್ಣಿಗಲ್ಲ.

ಇದರ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. 2024ರ ಜನವರಿಯಿಂದ ರಾಜ್ಯ ಸಾರಿಗೆ ಇಲಾಖೆ ಕಾರು ತರಬೇತಿಯ ಶುಲ್ಕವನ್ನು 4,000ದಿಂದ 7,000 ರೂಪಾಯಿಗೆ ಏರಿಸಿತು. ಹತ್ತು ಗಂಟೆಗೆ ಹಂಚಿದರೆ ಗಂಟೆಗೆ 700. ಅದರಲ್ಲೇ ಪೆಟ್ರೋಲು, ಗಾಡಿಯ ಕಂತು, ವಿಮೆ, ಹೊಸಬರ ಕೈಯಲ್ಲಿ ಸವೆಯುವ ಕ್ಲಚ್ ಪ್ಲೇಟು, ಕಲಿಸುವವರ ಸಂಬಳ ಎಲ್ಲ ಬರಬೇಕು. ಏರಿನ ಊರಿನಲ್ಲಿ ಪೆಟ್ರೋಲೂ ಹೆಚ್ಚು, ಕ್ಲಚ್ ಸವೆತವೂ ಹೆಚ್ಚು. ಪಕ್ಕದ ಸ್ಕೂಲಿನವರು ಸಾವಿರ ಕಡಿಮೆ ಮಾಡುತ್ತಾರೆ ಎಂದು ಚೌಕಾಸಿ ಮಾಡಿ ಸೇರಿದರೆ, ಆ ಸಾವಿರ ನಮ್ಮ ಓಡಿಸುವ ಹೊತ್ತಿನಿಂದಲೇ ಕಳೆದುಹೋಗುತ್ತದೆ. ನಿಗದಿಯಾದ ಶುಲ್ಕ ಕೊಟ್ಟು ನಿಗದಿಯಾದ ಗಂಟೆಗಳನ್ನು ಕೇಳಿ ಪಡೆಯುವುದೇ ಇಬ್ಬರಿಗೂ ಒಳ್ಳೆಯದು. ಆರ್‌ಟಿಓ ಶುಲ್ಕ ಬೇರೆ: ಕೇಂದ್ರದ ನಿಯಮದಂತೆ ಕಲಿಯುವವರ ಲೈಸೆನ್ಸ್ ಆದ ಎಲ್‌ಎಲ್‌ಗೆ 150, ಅದರ ಪರೀಕ್ಷೆಗೆ 50, ಚಾಲನಾ ಪರೀಕ್ಷೆಗೆ 300, ಡಿಎಲ್‌ಗೆ 200. ಇದರ ಮೇಲೆ ಯಾರಾದರೂ ‘ಪಾಸು ಮಾಡಿಸಲು’ ಅಂತ ಕೈಚಾಚಿದರೆ ಕೊಡಬೇಡಿ. ಆ ದುಡ್ಡಿನಿಂದ ಕಾರ್ಡು ಬರಬಹುದು, ದೋಣಿಗಾಲಿನ ಇಳಿಜಾರಿನಲ್ಲಿ ಆ ಕಾರ್ಡು ಗಾಡಿ ನಿಲ್ಲಿಸುವುದಿಲ್ಲ.

ಬೈಯುವ ಮೇಷ್ಟ್ರುಗಳ ಬಗ್ಗೆ ದೂರು ಬಹಳ, ಅದರಲ್ಲೂ ಹೆಣ್ಣುಮಕ್ಕಳಿಂದ. ಬೆಳಿಗ್ಗೆ ಆರರಿಂದ ಅಪರಿಚಿತರ ತಪ್ಪುಗಳ ಪಕ್ಕದಲ್ಲಿ ಜೀವ ಕೈಯಲ್ಲಿ ಹಿಡಿದು ಕೂರುವವರ ಒತ್ತಡ ನನಗೆ ಅರ್ಥವಾಗುತ್ತದೆ. ಅಪಾಯದ ಹೊತ್ತಿನಲ್ಲಿ “ಬ್ರೇಕ್!” ಎಂದು ಕೂಗಲೇಬೇಕು, ಅದು ಬೈಗುಳವಲ್ಲ. ಆದರೆ ಆಫ್ ಆದ ಗಾಡಿಗೆಲ್ಲ “ಅಡುಗೆಮನೆ ಬಿಟ್ಟು ಯಾಕ್ ಬರ್ತೀರ” ಎನ್ನುವುದು ಕಲಿಸುವ ರೀತಿಯಲ್ಲ. ಹೆದರಿದ ಕಾಲು ಗಟ್ಟಿಯಾಗುತ್ತದೆ, ಗಟ್ಟಿಯಾದ ಕಾಲಿಗೆ ಹಾಫ್ ಕ್ಲಚ್ ಹತ್ತುವುದೇ ಇಲ್ಲ. ಅಂಥ ಮಾತು ಕೇಳಿಸಿಕೊಂಡು ಮನೆಯಲ್ಲಿ ಅತ್ತು ಬಿಟ್ಟುಬಿಡಬೇಡಿ. ಸ್ಕೂಲಿನ ಮಾಲೀಕರಿಗೆ ನೇರವಾಗಿ ಹೇಳಿ ಬೇರೆ ತರಬೇತುದಾರರನ್ನು ಕೇಳಿ. ಜೊತೆಗೆ ಇನ್ನೊಬ್ಬ ಹೆಣ್ಣುಮಗಳು ಕಲಿಯುವ ಹೊತ್ತನ್ನೇ ಕೇಳಿ ತೆಗೆದುಕೊಳ್ಳಿ. ಕೈ ಸ್ಟೇರಿಂಗ್ ಮೇಲೆ ಇಡುವ ನೆಪದಲ್ಲಿ ಕೈ ಮೇಲೆ ಕೈ ಇಡುವವರಿದ್ದರೆ ಗಾಡಿಯನ್ನು ಬದಿಗೆ ಹಾಕಿ ಇಳಿದುಬಿಡಿ, ಮರುದಿನ ಹೋಗಬೇಡಿ, ಪೊಲೀಸರಿಗೆ ಹೇಳಬೇಕಾದದ್ದಾದರೆ ಹೇಳಿ. ಬಸ್ಸು ದಿನಕ್ಕೆರಡು ಸಲ ಬರುವ ಊರುಗಳಲ್ಲಿ ಹೆಣ್ಣುಮಗಳೊಬ್ಬಳಿಗೆ ಗಾಡಿ ಬರುತ್ತದೆ ಎಂದರೆ ಆಸ್ಪತ್ರೆ, ಬ್ಯಾಂಕು, ಮಕ್ಕಳ ಸ್ಕೂಲು ಎಲ್ಲವೂ ಆಕೆಯ ಕೈಗೆ ಬಂದಂತೆ. ಯಾರದೋ ನಾಲಗೆಗೆ ಅದನ್ನು ಬಿಟ್ಟುಕೊಡುವಂತಿಲ್ಲ.

ಗಂಡ, ಅಣ್ಣ, ಭಾವ ಕಲಿಸಬಾರದೇ? ಕಾನೂನು ಬೇಡ ಅನ್ನುವುದಿಲ್ಲ. ಖಾಸಗಿ ಕಾರಿನ ಡಿಎಲ್‌ಗೆ ಸ್ಕೂಲಿನ ಸರ್ಟಿಫಿಕೇಟು ಕಡ್ಡಾಯವಿಲ್ಲ. ಎಲ್‌ಎಲ್ ಇರಬೇಕು, ಗಾಡಿಯ ಹಿಂದೆ ಮುಂದೆ ಬಿಳಿ ಹಿನ್ನೆಲೆಯಲ್ಲಿ ಕೆಂಪು ‘ಎಲ್’ ಇರಬೇಕು, ಡಿಎಲ್ ಇರುವವರು ಗಾಡಿಯನ್ನು ತಡೆಯಬಹುದಾದ ಜಾಗದಲ್ಲಿ ಪಕ್ಕದಲ್ಲೇ ಕೂತಿರಬೇಕು. ಎಲ್‌ಎಲ್ ಆರು ತಿಂಗಳು ನಡೆಯುತ್ತದೆ, ಸಿಕ್ಕಿ 30 ದಿನ ಕಳೆಯದೆ ಡಿಎಲ್ ಪರೀಕ್ಷೆಗೆ ಹೋಗುವಂತಿಲ್ಲ. ಆದರೆ ಮನೆಯ ಕಾರಿನಲ್ಲಿ ಪಕ್ಕದವರಿಗೆ ಬ್ರೇಕ್ ಇರುವುದಿಲ್ಲ, ಏರಿನ ಊರಿನಲ್ಲಿ ಇದು ಸಣ್ಣ ವಿಷಯವಲ್ಲ. ನನ್ನ ಅಭಿಪ್ರಾಯ ಕೇಳಿದರೆ ಮೊದಲ ಪಾಠಗಳು ಸ್ಕೂಲಿನ ಕಾರಿನಲ್ಲೇ ಆಗಲಿ, ರೂಢಿ ಮಾಡಿಕೊಳ್ಳುವುದಕ್ಕೆ ಮನೆಯವರು ಇರಲಿ.

ತೋಟದ ಹುಡುಗರ ವಿಷಯ ಬೇರೆ. ಹದಿನಾಲ್ಕಕ್ಕೇ ಜೀಪು ಹಿಡಿಯುವುದು ನಮ್ಮಲ್ಲಿ ಹೆಮ್ಮೆಯ ಸಂಗತಿ. ಕಣದಿಂದ ಗೋಡೌನಿಗೆ ಓಡಿಸಿದ ಹುಡುಗ ನಾಳೆ ಗೇಟು ದಾಟುತ್ತಾನೆ. ಕಾರಿಗೆ ಹದಿನೆಂಟು ತುಂಬಬೇಕು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಅಪ್ರಾಪ್ತರು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು, ಆ ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಅಪ್ಪಂದಿರು ಇದನ್ನು ತಿಳಿದಿರಬೇಕು.

ಹತ್ತುವುದಕ್ಕಿಂತ ಇಳಿಯುವುದು ಕಷ್ಟ ಎಂಬುದು ಹೊಸಬರಿಗೆ ಗೊತ್ತಿರುವುದಿಲ್ಲ, ಹೇಳುವವರೂ ಕಡಿಮೆ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಒಂದನ್ನೇ ನಂಬಿ ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಶಿರಾಡಿ ಘಾಟಿಯಲ್ಲಿ ಲೋಡ್ ಲಾರಿಗಳ ಹಿಂದೆ ಹೋದವರಿಗೆ ಆ ಸುಟ್ಟ ವಾಸನೆ ಗೊತ್ತು. ಯಾವ ಗೇರಿನಲ್ಲಿ ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಬೇಕು ಎಂಬುದು ಹಳೆಯ ಡ್ರೈವರುಗಳ ಲೆಕ್ಕ. ಕೆಳಗಿನ ಗೇರಿನಲ್ಲಿದ್ದರೆ ಎಂಜಿನ್ನೇ ಚಕ್ರವನ್ನು ತಡೆಹಿಡಿಯುತ್ತದೆ, ಬ್ರೇಕಿಗೆ ಕೆಲಸ ಕಡಿಮೆಯಾಗುತ್ತದೆ. 15ನೇ ನಿಯಮ ಕೇಳುವುದೂ ಇದನ್ನೇ. ಕೆಲವರು ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್‌ನಲ್ಲಿ ಇಳಿಸುತ್ತಾರೆ, ಇನ್ನೂ ಕೆಲವರು ಎಂಜಿನ್ನನ್ನೇ ಆಫ್ ಮಾಡುತ್ತಾರೆ. ಎಂಜಿನ್ ನಿಂತರೆ ಪವರ್ ಸ್ಟೇರಿಂಗ್ ಕಲ್ಲಾಗುತ್ತದೆ, ಒಂದೆರಡು ಸಲ ಒತ್ತಿದ ಮೇಲೆ ಬ್ರೇಕ್ ಪೆಡಲೂ ಗಟ್ಟಿಯಾಗುತ್ತದೆ. ಉಳಿತಾಯದ ಮಾತೂ ಸುಳ್ಳು. ಈಗಿನ ಕಾರುಗಳಲ್ಲಿ ಗೇರಿನಲ್ಲಿ ಇದ್ದುಕೊಂಡೇ ಎಕ್ಸಿಲೇಟರ್ ಬಿಟ್ಟು ಇಳಿದರೆ ಎಂಜಿನ್ನಿಗೆ ಇಂಧನ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆಡುತ್ತಿರಲು ಇಂಧನ ಬೇಕೇ ಬೇಕು.

ಕಿರಿದಾದ ಏರುರಸ್ತೆಯಲ್ಲಿ ಎರಡು ಗಾಡಿ ಎದುರುಬದುರಾದರೆ ಇಳಿಯುವವರು ಬದಿಗೆ ನಿಂತು ಹತ್ತುವವರಿಗೆ ದಾರಿ ಬಿಡಬೇಕು. 1989ರ ರಸ್ತೆ ನಿಯಮಾವಳಿಯಲ್ಲೇ ಇದು ಬರೆದಿತ್ತು, ನಮ್ಮ ಪಿಕಪ್ ಡ್ರೈವರುಗಳು ಓದದೆಯೂ ಪಾಲಿಸುತ್ತಾರೆ. ಹತ್ತುವ ಗಾಡಿ ಒಮ್ಮೆ ನಿಂತರೆ ಮತ್ತೆ ಹೊರಡುವ ಕಷ್ಟ ಏನೆಂದು ಅವರಿಗೆ ಗೊತ್ತು. ಶನಿವಾರ ಭಾನುವಾರ ಹೋಂಸ್ಟೇಗೆ ಬರುವ ಕಾರುಗಳಿಗೆ ಇದು ಗೊತ್ತಿಲ್ಲದಿರುವುದೇ ಬಿಸಿಲೆ ದಾರಿಯ ಅರ್ಧ ಜಗಳಗಳಿಗೆ ಕಾರಣ.

ಇನ್ನು ರಿವರ್ಸ್. ಮೈದಾನದಲ್ಲಿ ನಾಲ್ಕು ಮಾರು ಹಿಂದೆ ಬಂದದ್ದು ಇಲ್ಲಿ ಸಾಲದು. ನಮ್ಮ ಎರಡು ತಾಲ್ಲೂಕುಗಳಲ್ಲಿ ಆನೆ ದಿನನಿತ್ಯದ ಮಾತು. 2014ರಲ್ಲಿ ಹೈಕೋರ್ಟಿನ ಆದೇಶದ ನಂತರ ಆಲೂರು, ಸಕಲೇಶಪುರ ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದರೂ ಮತ್ತೆ ಆನೆಗಳು ತುಂಬಿಕೊಂಡವು. ಮುಂಜಾನೆಯೋ ಮುಸ್ಸಂಜೆಯೋ ತೋಟದ ತಿರುವಿನಲ್ಲಿ ಆನೆ ಕಂಡರೆ ಹಾರನ್ ಹೊಡೆಯಬಾರದು, ಲೈಟು ಮಿನುಗಿಸಬಾರದು, ಇಳಿಯಲೇಬಾರದು. ದೂರದಲ್ಲೇ ನಿಲ್ಲಬೇಕು, ಹತ್ತಿರವಾದರೆ ಸದ್ದಿಲ್ಲದೆ ಹಿಂದಕ್ಕೆ ಬರಬೇಕು. ತಿರುಗಿಸಿಕೊಳ್ಳಲು ಜಾಗವಿಲ್ಲದ ದಾರಿಯಲ್ಲಿ, ಮೂರು ಕನ್ನಡಿ ನೋಡಿಕೊಂಡು, ಚರಂಡಿಗೆ ಚಕ್ರ ಇಳಿಸದೆ ಇನ್ನೂರು ಮುನ್ನೂರು ಅಡಿ ರಿವರ್ಸ್ ಬರಲು ಗೊತ್ತಿಲ್ಲದವರು ಆಗ ಏನು ಮಾಡಬೇಕು? ಇದನ್ನು ಕಲಿಸದ ಸ್ಕೂಲು ಈ ಊರಿಗೆ ಬೇಕಾದ್ದನ್ನು ಕಲಿಸಿಲ್ಲ. ಅರಣ್ಯ ಇಲಾಖೆಯವರು ಆನೆ ಎಲ್ಲಿದೆ ಎಂದು ಕಳಿಸುವ ಸಂದೇಶಗಳ ಗುಂಪಿಗೆ ಸೇರಿಕೊಳ್ಳುವುದೂ ಡ್ರೈವಿಂಗ್ ಕಲಿಕೆಯ ಒಂದು ಭಾಗವೇ.

ಮಳೆ, ಮಂಜಿನ ಮಾತು ಎಲ್ಲರೂ ಬಲ್ಲದ್ದು. ಮಂಜಿನಲ್ಲಿ ಡಿಮ್ ಲೈಟೇ ಹಾಕಬೇಕು, ಹೈ ಬೀಮ್ ಹಾಕಿದರೆ ಬಿಳಿ ಗೋಡೆಯೇ ಕಾಣುತ್ತದೆ. 2024ರ ಜುಲೈಯಲ್ಲಿ ದೊಡ್ಡತಪ್ಲು ಬಳಿ ಗುಡ್ಡ ಕುಸಿದು ಶಿರಾಡಿ ರಸ್ತೆ ಬಂದಾದದ್ದು ಇನ್ನೂ ನೆನಪಿದೆ. ಹೊಸಬರು ಅಂಥ ದಿನಗಳಲ್ಲಿ ಘಾಟಿಗೆ ಇಳಿಯದಿರುವುದೇ ಜಾಣತನ.

ಪಿಕಪ್ ಓಡಿಸಿ ಬದುಕುವ ಹುಡುಗರಿಗೆ ಒಂದು ಒಳ್ಳೆಯ ಸುದ್ದಿ ಇದೆ. ಎಲ್‌ಎಂವಿ (ಲಘು ವಾಹನ) ಲೈಸೆನ್ಸ್ ಇರುವವರು 7,500 ಕಿಲೋದೊಳಗಿನ ಸರಕು ಗಾಡಿಯನ್ನೂ ಓಡಿಸಬಹುದು, ಬೇರೆ ಅನುಮತಿ ಬೇಡ ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 6ರಂದು ಹೇಳಿತು. ಅಂದರೆ ಮೈದಾನದಲ್ಲಿ ಪಾಸಾದ ಅದೇ ಕಾರ್ಡಿನ ಮೇಲೆ ಒಂದೂವರೆ ಟನ್ ಕಾಫಿ ಮೂಟೆ ಹೇರಿಕೊಂಡು ಹಾನುಬಾಳಿನ ಇಳಿಜಾರು ಇಳಿಯಬಹುದು. ಬದುಕಿಗೆ ಇದು ಅನುಕೂಲ, ಸಂದೇಹವಿಲ್ಲ. ಆದರೆ ಆ ಕಾರ್ಡು ಕೊಡುವ ಮುಂಚಿನ ಪರೀಕ್ಷೆಯ ತೂಕವೂ ಅದಕ್ಕೆ ತಕ್ಕಂತೆ ಹೆಚ್ಚಬೇಕು.

2021ರಿಂದ ಜಾರಿಯಾಗಿರುವ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳ ಯೋಜನೆಯಲ್ಲಿ ಲಘು ವಾಹನಕ್ಕೆ 29 ಗಂಟೆಯ ಪಾಠವಿದೆ, ಅದರಲ್ಲಿ 21 ಗಂಟೆ ಗಾಡಿ ಓಡಿಸುವುದೇ. ಏರು ಹತ್ತಿ ಇಳಿಯುವ ಅಭ್ಯಾಸವೂ ಆ ಪಠ್ಯದಲ್ಲಿ ಸೇರಿದೆ. ಅಂಥ ಕೇಂದ್ರ ಇಲ್ಲಿಗೆ ಬರುವವರೆಗೆ ಕಾಯುವುದು ಬೇಡ. ಕೆಎ 46 ನಂಬರಿನ ನಮ್ಮ ಸಕಲೇಶಪುರದಲ್ಲಿ ಡಿಎಲ್ ಪರೀಕ್ಷೆಗೆ ಬೇಕಾದ ಏರನ್ನು ಕಟ್ಟಿಸಬೇಕಾಗಿಲ್ಲ, ಹುಡುಕಬೇಕಾಗಿಯೂ ಇಲ್ಲ. ಸಾರಿಗೆ ಇಲಾಖೆ ಹೊಸ ಕಾನೂನು ಮಾಡುವುದು ಬೇಡ, ಬರೆದಿರುವ 15ನೇ ನಿಯಮದಂತೆ ಪ್ರತಿಯೊಬ್ಬರನ್ನೂ ಒಮ್ಮೆ ಏರಿನಲ್ಲಿ ನಿಲ್ಲಿಸಿ ಹೊರಡಿಸಲಿ. ಪರೀಕ್ಷೆಯಲ್ಲಿ ಕೇಳಿದರೆ ಸ್ಕೂಲುಗಳು ತಾವಾಗಿಯೇ ಕಲಿಸುತ್ತವೆ.

ಕಾಫಿ ಕೊಯ್ಲು ಮುಗಿದು ಕೈ ಬಿಡುವಾಗುವ ಮಾರ್ಚ್, ಏಪ್ರಿಲ್‌ನಲ್ಲಿ ಡ್ರೈವಿಂಗ್ ಕಲಿಯಲು ಹೊರಡುವವರಲ್ಲಿ ನನ್ನ ಕೋರಿಕೆ ಇಷ್ಟೆ. ದುಡ್ಡು ಕಟ್ಟುವ ದಿನವೇ ಮೂರು ಮಾತು ಕೇಳಿ: ಹತ್ತು ಗಂಟೆ ಸ್ಟೇರಿಂಗ್ ನನ್ನ ಕೈಯಲ್ಲಿ ಇರುತ್ತದೆಯೇ, ಅದನ್ನು ರಿಜಿಸ್ಟರಿನಲ್ಲಿ ಬರೆದು ನನಗೆ ತೋರಿಸುತ್ತೀರಾ, ಏರಿನಲ್ಲಿ ನಿಲ್ಲಿಸಿ ಹೊರಡುವುದನ್ನೂ ಕಿರಿದಾದ ದಾರಿಯಲ್ಲಿ ರಿವರ್ಸ್ ಬರುವುದನ್ನೂ ಕಲಿಸುತ್ತೀರಾ. ಮೂರಕ್ಕೂ ‘ಹೌದು’ ಅನ್ನುವ ಸ್ಕೂಲಿಗೆ ಸೇರಿ.